ಉಸಿರಾಡದ ಎಂಬತ್ತು ಮಂದಿ

ಲಾ ಪಾಸ್
ಏಪ್ರಿಲ್ 11

ಪ್ರೀತಿಯ ಅಪ್ಪನಿಗೆ,

ನಾನು ಚೆನ್ನಾಗಿದ್ದೇನೆ. ಹೊತ್ತಿಗೆ ಸರಿಯಾಗಿ ತಿನ್ನುತ್ತಿದ್ದೇನೆ. ಅಮ್ಮ ಕೊಟ್ಟ ಕಂಬಳಿ ಸಾಲುತ್ತಿದೆ. ಇಷ್ಟು ಬರೆದು ಸಹಿ ಹಾಕಿದರೆ ಕಾಗದ ಮುಗಿಯಿತು ಅಂತ ಶಾಲೆಯ ಹಾಸ್ಟೆಲ್ಲಿನಲ್ಲಿ ಸಿಸ್ಟರ್‌ಗಳು ಕಲಿಸಿದ್ದರು. ಈ ಸಲ ಹಾಗೆ ಮುಗಿಸಲು ಆಗುವುದಿಲ್ಲ, ನನಗೆ ನಿನ್ನಿಂದ ಒಂದು ಕೆಲಸ ಆಗಬೇಕು. ಫೋನಿನಲ್ಲಿ ಹೇಳೋಣ ಅಂದರೆ ನೀನು ಸಿಗ್ನಲ್‌ಗಾಗಿ ಗುಡ್ಡ ಹತ್ತಬೇಕು, ಗುಡ್ಡದ ಮೇಲೆ ಗಾಳಿ, ಗಾಳಿಯಲ್ಲಿ ನೀನು ‘ಹಾಂ, ಹಾಂ’ ಬಿಟ್ಟು ಬೇರೇನೂ ಹೇಳುವುದಿಲ್ಲ. ಅದಕ್ಕೇ ಈ ಕಾಗದವನ್ನು ಮಿನಿಬಸ್ಸಿನ ತೆಯೋಫಿಲೊ ಅವರ ಕೈಲಿ ಕಳಿಸುತ್ತಿದ್ದೇನೆ.

ಇಲ್ಲಿ ಸಂಗೀತ ಕಲಿಯುವ ಮೊದಲ ವರ್ಷದವರೆಲ್ಲ ಜೂನ್ 28ರೊಳಗೆ ಒಂದು ವರ್ಚುವಲ್ ಆರ್ಕೆಸ್ಟ್ರಾ ಮಾಡಿ ಒಪ್ಪಿಸಬೇಕು. ವರ್ಚುವಲ್ ಅಂದರೆ ಅಲ್ಲಿ ಯಾರೂ ಇರುವುದಿಲ್ಲ. ಎಲ್ಲೋ ಯಾರೋ ಒಂದೊಂದೇ ಸ್ವರ ನುಡಿಸಿ ಕಂಪ್ಯೂಟರಿನೊಳಗೆ ತುಂಬಿಟ್ಟಿದ್ದಾರೆ. ಪಿಟೀಲು, ಕೊಳಲು, ತುತ್ತೂರಿ, ನಗಾರಿ ಎಲ್ಲ ಸೇರಿ ಎಂಬತ್ತು ಮಂದಿ. ನಾನು ಬೆರಳಲ್ಲಿ ಒತ್ತಿದರೆ ನುಡಿಸುತ್ತಾರೆ, ಬಿಟ್ಟರೆ ನಿಲ್ಲಿಸುತ್ತಾರೆ. ಒಬ್ಬರಿಗೂ ಉಸಿರಾಡುವ ಅಗತ್ಯವಿಲ್ಲ. ಅವರ ನಡುವೆ ಒಂದೇ ಒಂದು ನಿಜವಾದ ವಾದ್ಯ ಇರಬೇಕು, ಮನುಷ್ಯರು ನುಡಿಸಿದ್ದು. ಆಮೇಲೆ ಯಾರ ಸದ್ದು ಎಷ್ಟಿರಬೇಕು ಅಂತ ಹೊಂದಿಸಬೇಕು. ಅಷ್ಟೇ ಕೆಲಸ. ನೂರಕ್ಕೆ ಐವತ್ತೊಂದು ಬಂದರೆ ಪಾಸು. ಬರದಿದ್ದರೆ ಈ ವಿದ್ಯಾರ್ಥಿ ನಿಲಯದ ಕೋಣೆ ಖಾಲಿ ಮಾಡಬೇಕು. ಊರಿಂದ ಬಂದವರ ಕೋಣೆಗಳು ಪಾಸಾದವರಿಗೆ ಮಾತ್ರ. ಕೋಣೆ ಹೋದರೆ ನಾನು ಎಲ್ಲಿರಲಿ? ಇದನ್ನು ಅಮ್ಮನಿಗೆ ಓದಿ ಹೇಳಬೇಡ.

ಉಳಿದವರೆಲ್ಲ ಗಿಟಾರು, ಚರಾಂಗೊ ಅಂತ ಬರೆಸಿದರು. ನನ್ನ ಬಾಯಲ್ಲಿ ಯೋಚಿಸುವ ಮುಂಚೆಯೇ ಸಿಕು ಅಂತ ಬಂದುಬಿಟ್ಟಿತು. ನಮಗೆ ಕಲಿಸುವ ವಾಲ್ದಿವಿಯಾ ಮೇಡಂ ಕೇಳಿದರು, “ಒಂದೇ ವಾದ್ಯ ಅಂದಿದ್ದೆ. ಇಬ್ಬರ ಹೆಸರು ಬರೆದಿದೀಯಲ್ಲ?”

“ಸಿಕು ಅಂದ್ರೇನೇ ಇಬ್ಬರು ಮೇಡಂ. ಇರಾ ಹಿಡಿದವನ ಬಿದಿರು ಕೊಳವೆಗಳಲ್ಲಿ ಅರ್ಧ ಸ್ವರ, ಅರ್ಕಾ ಹಿಡಿದವನ ಹತ್ರ ಇನ್ನರ್ಧ. ಇವನು ಒಂದು ಊದ್ತಾನೆ, ಅವನು ಮುಂದಿನದು ಊದ್ತಾನೆ. ಒಬ್ಬನೇ ಊದಿದ್ರೆ ಹಾಡು ತೂತು ತೂತು.”

“ಎರಡನ್ನೂ ಒಬ್ಬನೇ ಕಟ್ಕೊಂಡು ಊದಬಹುದಲ್ವಾ? ಪ್ರವಾಸಿಗರ ಮುಂದೆ ಊದ್ತಾರಲ್ಲ.”

“ನಮ್ಮೂರಲ್ಲಿ ಹಾಗೆ ಮಾಡಿದ್ರೆ ನಗ್ತಾರೆ ಮೇಡಂ.”

ಮೇಡಂ ನಗಲಿಲ್ಲ. ಬರೆದುಕೊಂಡರು.

ನೀನು ಶಿಲುಬೆ ಹಬ್ಬದ ಹಾಡಿನ ಇರಾ ಊದಿ ಕಳಿಸು. ಹೆರ್ಮೋಖೆನೆಸ್ ಮೇಷ್ಟ್ರ ಹತ್ತಿರ ರೆಕಾರ್ಡರ್ ಇದೆ. ಈ ಪೆನ್ ಡ್ರೈವಿನಲ್ಲಿ ಒಂದು ಟಿಕ್ ಟಿಕ್ ಇದೆ, ಅದನ್ನು ಕಿವಿಗೆ ಹಾಕಿಕೊಂಡು ಊದು. ಕಂಪ್ಯೂಟರಿನ ಮಂದಿಯೂ ಅದೇ ಲೆಕ್ಕಕ್ಕೆ ನುಡಿಸುತ್ತಾರೆ.

ಇನ್ನರ್ಧಕ್ಕೆ ಇಲ್ಲೇ ಮೇಲಿರುವ ಎಲ್ ಆಲ್ಟೊಗೆ ಹೋಗಿ ಕಾಸಿಮಿರೊ ಚಿಕ್ಕಪ್ಪನನ್ನು ಕೇಳುತ್ತೇನೆ. ಬೈಯಬೇಡ. ಈ ಊರಲ್ಲಿ ನನಗೆ ಗೊತ್ತಿರುವ ಅರ್ಕಾ ಅವನೊಬ್ಬನೇ.

ನಿನ್ನ ಮಗಳು
ದೆಲ್ಫಿನಾ


ಚಾಕಪಾತಾ
ಏಪ್ರಿಲ್ 27

ಮಗಳೇ,

ಕಾಗದ ತಲುಪಿತು. ಊದಿ ಕಳಿಸಿದ್ದೇನೆ. ಶಾಲೆಯಲ್ಲಿ ಮಕ್ಕಳು ಹೋದ ಮೇಲೆ ಊದಿದೆ. ಮೇಷ್ಟ್ರು ಗುಂಡಿ ಒತ್ತಿಕೊಟ್ಟರು, ಆಮೇಲೆ ಅವರನ್ನು ಹೊರಗೆ ಕಳಿಸಿದೆ. ಎದುರಿಗೆ ಯಾರಾದರೂ ಇದ್ದರೆ ನನಗೆ ಉಸಿರು ಹಿಡಿತದಲ್ಲಿ ನಿಲ್ಲುವುದಿಲ್ಲ. ಟಿಕ್ ಟಿಕ್ ಕಿವಿಯಲ್ಲಿ ಕುಟುಕುತ್ತಿತ್ತು. ಅದಕ್ಕೆ ಸರಿಯಾಗಿಯೇ ಊದಿದ್ದೇನೆ.

ಕುರಿಗಳು ಚೆನ್ನಾಗಿವೆ. ಒಂದಕ್ಕೆ ಮಾತ್ರ ಕಾಲು ಕುಂಟು. ಅಮ್ಮ ಗಿಣ್ಣು ಕಳಿಸಿದ್ದಾಳೆ, ತೆಯೋಫಿಲೊ ದಾರಿಯಲ್ಲಿ ತಿನ್ನದಿದ್ದರೆ ಮೂರು ಉಂಡೆ ಇರಬೇಕು.

ಇನ್ನರ್ಧ ಯಾರ ಹತ್ತಿರ ಊದಿಸುತ್ತೀಯೋ ನಿನಗೆ ಬಿಟ್ಟದ್ದು.

ಪ್ರಿಮಿತೀವೊ ಹುವಾಂಕಾ


ಲಾ ಪಾಸ್
ಮೇ 9

ಪ್ರೀತಿಯ ಅಪ್ಪನಿಗೆ,

ಗಿಣ್ಣು ಎರಡೇ ಉಂಡೆ ತಲುಪಿತು.

ನೀನು ಕೇಳಲಿಲ್ಲ, ಆದರೂ ಬರೆಯುತ್ತೇನೆ. ಭಾನುವಾರ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ನಾಲ್ಕು ಮಹಡಿ ಹತ್ತಬೇಕು, ಮೇಲಿನದಕ್ಕೆ ಇನ್ನೂ ಕಿಟಕಿ ಕೂರಿಸಿಲ್ಲ. ವಾರವೆಲ್ಲ ಟೈರ್ ಅಂಗಡಿ, ಶನಿವಾರ, ಭಾನುವಾರ ಬ್ಯಾಂಡಿನಲ್ಲಿ ಟ್ರಂಪೆಟ್. ಹಿಲಾರಿಯಾ ಚಿಕ್ಕಮ್ಮ ನನ್ನ ಮುಂದೆ ಎರಡು ತಟ್ಟೆ ಕಡಲೆಕಾಯಿ ಸೂಪು ಸುರಿದು, “ಮೂಳೆ ಎಣಿಸಬಹುದು ನಿಂದು. ಆ ಕಂಪ್ಯೂಟರಿಗೇ ಊಟ ಹಾಕ್ತಿದೀಯೇನೇ?” ಅಂದಳು. ಚಿಕ್ಕಪ್ಪ ಬಾಗಿಲಲ್ಲೇ ಶುರು ಮಾಡಿದ.

“ಏನೇ, ನಿಮ್ಮಪ್ಪ ಇನ್ನೂ ಮುಖ ಊದಿಸ್ಕೊಂಡೇ ಇದಾನಾ? ಇರ್ಲಿ ಬಿಡು, ಸಿಕು ಊದೋನಿಗೆ ಕೆನ್ನೆ ಹಾಗೇ ಇರ್ಬೇಕು.”

ಅವನು ಮಂಚದಡಿಯಿಂದ ಅರ್ಕಾ ತೆಗೆದು ಕೊಳವೆಗಳ ಧೂಳು ಊದಿದ. ಆಮೇಲೆ ಮೆಲ್ಲಗೆ ಕೇಳಿದ, “ನಾನು ಊದ್ತೀನಿ ಅಂತ ಗೊತ್ತಾ ಅವನಿಗೆ?”

“ಗೊತ್ತು ಚಿಕ್ಕಪ್ಪ.”

“ಏನಂದ?”

“ಊದಲಿ ಅಂದ.”

ಇದು ಸುಳ್ಳು, ನಿನಗೂ ಗೊತ್ತು. ಕಿಟಕಿಗೆ ಕಂಬಳಿ ಕಟ್ಟಿ, ಟಿಕ್ ಟಿಕ್ ಹಾಕಿ, ಅವನ ಅರ್ಧವನ್ನು ರೆಕಾರ್ಡ್ ಮಾಡಿದೆ. ಮಧ್ಯದಲ್ಲಿ ಎರಡು ಸಲ ನಿಲ್ಲಿಸಿ, “ಈ ಟಿಕ್ ಟಿಕ್‌ಗೆ ಉತ್ತರ ಕೊಡೋಕೆ ನಾಚ್ಕೆ ಆಗತ್ತೆ ಕಣೇ,” ಅಂದ.

ಈಗ ನನ್ನ ಗೋಳು ಕೇಳು. ಕಂಪ್ಯೂಟರಿನಲ್ಲಿ ಎಲ್ಲ ಇಂಗ್ಲಿಷು. ಸಿಸ್ಟರ್ ಬ್ರಿಜೆಟ್ ಕಲಿಸಿದ ಅರ್ಧ ಇಂಗ್ಲಿಷಿನಲ್ಲಿ ಅರ್ಧ ಗುಂಡಿಗಳು ಅರ್ಥವಾಗುತ್ತವೆ, ಉಳಿದರ್ಧವನ್ನು ಒತ್ತಿ ನೋಡಿ ಹೆದರುತ್ತೇನೆ. ಆ ಎಂಬತ್ತು ಮಂದಿಯನ್ನು ತುಂಬಿಟ್ಟವರು ಎಲ್ಲರಿಗೂ ಒಂದೇ ಅಳತೆಯ ಸದ್ದು ಕೊಟ್ಟಿದ್ದಾರೆ. ಒಬ್ಬಳು ಕೊಳಲಿನವಳು ಊದಿದರೆ ಆರು ತುತ್ತೂರಿ ಮುಳುಗಿಹೋಗುತ್ತವೆ. ಕೊಳಲನ್ನು ಇಳಿಸಿದರೆ ಪಿಟೀಲು ಚೀರುತ್ತದೆ. ಪಿಟೀಲನ್ನು ಇಳಿಸಿದರೆ ಇಷ್ಟು ಹೊತ್ತು ಅಡಗಿದ್ದ ನಗಾರಿ ಎದ್ದು ಬರುತ್ತದೆ. ತುತ್ತೂರಿಯನ್ನು ಏರಿಸಿದೆ, ಮೆಲ್ಲಗೆ ಊದಿದ್ದನ್ನೇ ಜೋರು ಮಾಡಿದಂತಾಯಿತು, ಜೋರಾಗಿ ಊದಿದಂತಾಗಲಿಲ್ಲ. ಪಿಸುಮಾತನ್ನು ಮೈಕಿನಲ್ಲಿ ಹೇಳಿದ ಹಾಗೆ. ಇಷ್ಟು ಮಾಡುವಷ್ಟರಲ್ಲಿ ಸದ್ದಿನ ಕಡ್ಡಿಗಳೆಲ್ಲ ತುದಿಗೆ ಹೋಗಿ ಕೆಂಪಾಗಿದ್ದವು.

ಮೇಡಂ ಹತ್ತು ಸೆಕೆಂಡ್ ಕೇಳಿ ಹೆಡ್‌ಫೋನ್ ತೆಗೆದರು. “ಇದೇನು ಆರ್ಕೆಸ್ಟ್ರಾನಾ, ಮಿನಿಬಸ್ ನಿಲ್ದಾಣಾನಾ? ಎಲ್ರೂ ಒಟ್ಟಿಗೆ ಊರ ಹೆಸರು ಕೂಗ್ತಿದಾರೆ. ಎಲ್ಲಾನೂ ಸೊನ್ನೆಗೆ ಇಳಿಸು. ಯಾರು ಮುಖ್ಯ ಅಂತ ತೀರ್ಮಾನ ಮಾಡು. ಅವರನ್ನ ಮೊದಲು ತಾ. ಒಂದೊಂದನ್ನೂ ಒಂಟಿಯಾಗಿ ಕೇಳಿದೀಯಾ?”

“ಕೇಳಿದೀನಿ ಮೇಡಂ,” ಅಂದೆ.

ಈಗಿನ ಹೊಂದಾಣಿಕೆಯನ್ನು ಪೆನ್ ಡ್ರೈವಿನಲ್ಲಿ ಕಳಿಸಿದ್ದೇನೆ. ಮೇಷ್ಟ್ರ ಕಂಪ್ಯೂಟರಿನಲ್ಲಿ ಕೇಳಿ ಹೇಗಿದೆ ಅಂತ ಬರಿ. ಕುರಿಯ ಕಾಲಿನ ಬಗ್ಗೆ ಆಮೇಲೆ ಬರೆಯಬಹುದು.

ದೆಲ್ಫಿನಾ


ಚಾಕಪಾತಾ
ಮೇ 19

ಮಗಳೇ,

ಕೇಳಿದೆ. ಮೇಷ್ಟ್ರೂ ಕೇಳಿದರು. ಚೆನ್ನಾಗಿದೆ ಅಂದರು, ಅವರು ಎಲ್ಲದಕ್ಕೂ ಹಾಗೇ ಅನ್ನುತ್ತಾರೆ.

ಅರ್ಕಾದ ಸದ್ದು ಜಾಸ್ತಿ. ಅವನು ಚಿಕ್ಕಂದಿನಿಂದ ಹಾಗೇ, ಪಕ್ಕದವನಿಗೆ ಕಿವಿ ಇದೆ ಅನ್ನುವುದೇ ಮರೆತು ಊದುತ್ತಾನೆ. ಈಗ ಟ್ರಂಪೆಟ್ ಬೇರೆ. ಇಳಿಸು.

ನಿಮ್ಮ ಪಿಟೀಲಿನವರಿಗೆ ಊಟಕ್ಕೆ ಬಿಡುವು ಕೊಡುವುದಿಲ್ಲವೇ. ಒಂದು ಕಡೆಯೂ ನಿಲ್ಲಿಸುವುದಿಲ್ಲ.

ಕುರಿಯ ಕಾಲು ವಾಸಿಯಾಯಿತು.

ಪ್ರಿಮಿತೀವೊ ಹುವಾಂಕಾ


ಲಾ ಪಾಸ್
ಮೇ 31

ಅಪ್ಪನಿಗೆ,

ಇಳಿಸಿದೆ. ನೀನು ಹೇಳಿದ ಹಾಗೆ ಚಿಕ್ಕಪ್ಪನ ಸದ್ದನ್ನು ಎರಡು ಗೆರೆ ಇಳಿಸಿದೆ. ಸಾಲದು ಅನ್ನಿಸಿತು, ಇನ್ನೆರಡು ಇಳಿಸಿದೆ. ಆದರೂ ಹಾಡಿನಲ್ಲಿ ಅರ್ಕಾ ಮುಂದೆ, ಇರಾ ಹಿಂದೆ. ಹೇಗೆ ಸಾಧ್ಯ? ಕೋಣೆಯಲ್ಲಿ ಕೇಳಿದೆ, ಬಸ್ಸಿನಲ್ಲಿ ಕೇಳಿದೆ, ಪಕ್ಕದ ಕೋಣೆಯ ಹುಡುಗಿಯ ದೊಡ್ಡ ಸ್ಪೀಕರಿನಲ್ಲಿ ಕೇಳಿದೆ. ಎಲ್ಲ ಕಡೆಯೂ ಅದೇ. ನಿನ್ನದನ್ನು ಏರಿಸಿದರೆ ವಿಚಿತ್ರವೆಂಬಂತೆ ಇಬ್ಬರದೂ ಏರುತ್ತದೆ.

ಹದಿನೇಳು ಸಲ ಮೊದಲಿನಿಂದ ಮಾಡಿದ್ದೇನೆ. ಪ್ರತಿ ಸಲ ‘ಇದೇ ಕೊನೆಯದು’ ಅಂತ ಹೆಸರಿಟ್ಟು ಉಳಿಸುತ್ತೇನೆ. ಕಿವಿ ಯಾವ ಮಟ್ಟಕ್ಕೆ ಹೋಗಿದೆ ಅಂದರೆ ಕ್ಯಾಂಟೀನಿನಲ್ಲಿ ಚಮಚ ತಟ್ಟೆಗೆ ತಾಗಿದರೆ ಇದನ್ನು ಸ್ವಲ್ಪ ಇಳಿಸಬೇಕಿತ್ತು ಅನ್ನಿಸುತ್ತದೆ.

ಚಿಕ್ಕಪ್ಪನಿಗೂ ಕೇಳಿಸಿದೆ. ಅವನ ಮುಖ ಸಣ್ಣಗಾಯಿತು. “ಇದ್ರಲ್ಲಿ ನಾನೆಲ್ಲಿದೀನಿ?” ಅಂದ.

“ಇದೀಯಲ್ಲ ಚಿಕ್ಕಪ್ಪ, ಎಲ್ಲರಿಗಿಂತ ಜೋರಾಗಿ ಇದೀಯ.”

“ಇದು ನಾನಲ್ಲ ಕಣೇ. ನಂಗೆ ನನ್ನ ಊದು ಗೊತ್ತಾಗಲ್ವಾ?”

ನನಗೆ ರೇಗಿತು. ನೀನು ಅವನು ಜಾಸ್ತಿ ಅನ್ನುತ್ತೀಯ, ಅವನು ನಾನೇ ಇಲ್ಲ ಅನ್ನುತ್ತಾನೆ. “ಆರು ವರ್ಷ ಆಯ್ತು ನೀವಿಬ್ರೂ ಮಾತು ಬಿಟ್ಟು. ಈಗ ನನ್ನ ಕಂಪ್ಯೂಟರಲ್ಲಿ ಬಂದು ಜಗಳ ಆಡ್ತಿದೀರಾ?” ಅಂದುಬಿಟ್ಟೆ. ಚಿಕ್ಕಮ್ಮ ಅಡುಗೆಮನೆಯಿಂದ, “ಹಾಗೆ ಕೇಳು, ಹಾಗೆ ಕೇಳು,” ಅಂದಳು.

ಆಗ ಅವನು ಹೇಳಿದ. ಆ ವರ್ಷ ಶಿಲುಬೆ ಹಬ್ಬಕ್ಕೆ ಅವನು ಕೈಕೊಟ್ಟು ಹೋದ ಅಂತಲೇ ನಾನು ಕೇಳಿಕೊಂಡು ಬಂದದ್ದು. “ನಿಮ್ಮ ಚಿಕ್ಕಮ್ಮಂಗೆ ಹೆರಿಗೆ ಕಷ್ಟ ಆಗಿತ್ತು. ಒಂದು ವಾರ ಮುಂಚೇನೇ ಹೇಳಿ ಕಳಿಸಿದ್ದೆ. ಊರಲ್ಲಿ ಅರ್ಕಾ ಊದೋರು ಹನ್ನೊಂದು ಜನ ಇದಾರೆ, ಯಾರನ್ನಾದ್ರೂ ಪಕ್ಕದಲ್ಲಿ ನಿಲ್ಲಿಸ್ಕೋ ಅಂತ. ನಿಮ್ಮಪ್ಪ ನಿಲ್ಲಿಸ್ಕೊಳ್ಳಲಿಲ್ಲ. ಅರ್ಧ ಹಾಡು ಊದ್ಕೊಂಡು ಊರೆಲ್ಲ ಸುತ್ತಿದ. ಜನ ನಕ್ಕರು. ನಕ್ಕಿದ್ದು ನನ್ನ ತಪ್ಪಂತೆ.”

ಇದು ನಿಜವಾ ಅಪ್ಪಾ? ಹನ್ನೊಂದು ಜನರಲ್ಲಿ ಒಬ್ಬರೂ ಆಗಲಿಲ್ಲವಾ?

ಇನ್ನು ನಾಲ್ಕು ವಾರ ಇದೆ.

ದೆಲ್ಫಿನಾ


ಲಾ ಪಾಸ್
ಜೂನ್ 8

ಅಪ್ಪಾ,

ನಿನ್ನ ಉತ್ತರ ಬರಲಿಲ್ಲ. ಬರುವುದರೊಳಗೆ ನನಗೇ ಗೊತ್ತಾಯಿತು.

ತಪ್ಪು ನನ್ನದೂ ಇದೆ, ಅದನ್ನು ಮೊದಲು ಬರೆಯುತ್ತೇನೆ. ಒಂದೊಂದನ್ನೂ ಒಂಟಿಯಾಗಿ ಕೇಳಿದ್ದೇನೆ ಅಂತ ಮೇಡಂಗೆ ಹೇಳಿದ್ದೆ. ಎಂಬತ್ತು ಮಂದಿಯನ್ನೂ ಕೇಳಿದ್ದೆ. ಚಿಕ್ಕಪ್ಪನನ್ನು ಕೇಳಿದ್ದೆ. ನಿನ್ನದನ್ನು ಕೇಳಿರಲಿಲ್ಲ. ತೆರೆದ ದಿನ ಮೊದಲು ಬೆಂಚು ಕಿರ್ ಅಂದಿತು, ಆಮೇಲೆ ನೀನು ಕೆಮ್ಮಿದೆ. ನನ್ನನ್ನು ಹಾಸ್ಟೆಲ್ಲಿನ ಗೇಟಿನಲ್ಲಿ ಬಿಟ್ಟು ತಿರುಗುವಾಗ ಪ್ರತಿ ಸಲ ಕೆಮ್ಮುತ್ತಿದ್ದೆಯಲ್ಲ, ಅದೇ ಕೆಮ್ಮು. ನನಗೆ ತಡೆಯಲಿಲ್ಲ. ಅಲ್ಲಿಗೇ ನಿಲ್ಲಿಸಿ, ಕಣ್ಣುಮುಚ್ಚಿ ಎತ್ತಿ ಉಳಿದವರ ನಡುವೆ ಹಾಕಿಬಿಟ್ಟೆ. ಮೊನ್ನೆ ಬೇರೆ ದಾರಿಯೇ ಕಾಣದೆ ಎಲ್ಲರ ಬಾಯಿ ಮುಚ್ಚಿಸುತ್ತಾ ಬಂದೆ. ಪಿಟೀಲು ಮುಚ್ಚಿಸಿದೆ, ನಗಾರಿ ಮುಚ್ಚಿಸಿದೆ, ಕೊನೆಗೆ ಚಿಕ್ಕಪ್ಪನ ಅರ್ಕಾವನ್ನೂ ಮುಚ್ಚಿಸಿದೆ.

ಅರ್ಕಾ ನಿಲ್ಲಲಿಲ್ಲ.

ನಾನು ತಂತಿ ಎಳೆದು ನೋಡಿದೆ, ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದೆ. ಆಮೇಲೆ ಕೂತು ಪೂರ್ತಿ ಕೇಳಿದೆ. ಒಂದು ತೂತೂ ಇಲ್ಲದ ಹಾಡು. ಎರಡು ಸಾಲು ಕೊಳವೆಗಳನ್ನೂ ಒಟ್ಟಿಗೆ ಕಟ್ಟಿಕೊಂಡಿದ್ದೀಯ. ಎರಡನ್ನೂ ನೀನೇ ಊದಿದ್ದೀಯ. ತಡವರಿಸದೆ, ಎಲ್ಲೂ ಎಡವದೆ. ಅಷ್ಟು ರೂಢಿ ಒಂದು ದಿನದಲ್ಲಿ ಬರುವುದಿಲ್ಲ. ಎಷ್ಟು ವರ್ಷದಿಂದ ಹೀಗೆ ಊದುತ್ತಿದ್ದೀಯ? ಎಲ್ಲಿ? ಕುರಿಗಳ ಮುಂದಾ? ಮೇಷ್ಟ್ರನ್ನು ಹೊರಗೆ ಕಳಿಸಿದ್ದು ಉಸಿರು ಹಿಡಿತದಲ್ಲಿ ನಿಲ್ಲುವುದಿಲ್ಲ ಅಂತಲಾ?

ಎಲ್ಲರೂ ತಂದದ್ದನ್ನು ಬಟ್ಟೆಯ ಮೇಲೆ ಸುರಿದು ಹಂಚಿಕೊಂಡು ತಿನ್ನುವಾಗ ತನ್ನ ಗಂಟನ್ನು ಮಾತ್ರ ಬಿಚ್ಚದೆ ತಿಂದವನನ್ನು ಊರು ಹೇಗೆ ನೋಡುತ್ತದೆ ಅಂತ ನನಗೆ ಹೇಳಿಕೊಟ್ಟವನೇ ನೀನು. ನಮ್ಮೂರಲ್ಲಿ ಹಾಗೆ ಊದಿದರೆ ನಗುತ್ತಾರೆ ಅಂತ ಮೇಡಂ ಎದುರು ಹೆಮ್ಮೆಯಿಂದ ಹೇಳಿದ್ದೆ.

ಇಷ್ಟು ದಿನ ನಾನು ಚಿಕ್ಕಪ್ಪನನ್ನು ಇಳಿಸುತ್ತಿದ್ದೆ. ನೀನು ಜಾಸ್ತಿಯಾಯಿತು ಅಂದದ್ದು ನಿನ್ನ ಅರ್ಕಾವನ್ನೇ. ಪಾಪ, ಅವನು ಹೇಳಿದ, ಇದು ನಾನಲ್ಲ ಅಂತ.

ಒಂದು ಸುಲಭದ ದಾರಿ ಇದೆ. ಚಿಕ್ಕಪ್ಪನನ್ನು ಪೂರ್ತಿ ತೆಗೆದರೆ ಎಲ್ಲ ಸರಿಹೋಗುತ್ತದೆ. ಮಾಡಿ ನೋಡಿದೆ, ಅರ್ಧ ಗಂಟೆಯ ಕೆಲಸ, ಚಂದ ಕೇಳುತ್ತದೆ. ಬಹುಶಃ ಎಪ್ಪತ್ತು ಬರುತ್ತಿತ್ತು. ಕೋಣೆ ಉಳಿಯುತ್ತಿತ್ತು. ಆದರೆ ಅವನು ಒಂದು ಭಾನುವಾರ ಬ್ಯಾಂಡಿಗೆ ಹೋಗದೆ ನನಗಾಗಿ ಊದಿದ್ದಾನೆ. ನಿನ್ನದರಿಂದ ಅರ್ಕಾದ ಸ್ವರಗಳನ್ನಷ್ಟೇ ಕತ್ತರಿಸಿ ತೆಗೆಯಲೂ ನೋಡಿದೆ. ನೂರಾ ಹನ್ನೆರಡು ಕಡೆ ಕತ್ತರಿಸಿದೆ. ಒಂದರ ಬಾಲ ಇನ್ನೊಂದಕ್ಕೆ ಅಂಟಿಕೊಂಡಿದೆ, ಕತ್ತರಿಸಿದರೆ ನಿನಗೆ ಬಿಕ್ಕಳಿಕೆ ಬಂದಂತೆ ಕೇಳುತ್ತದೆ.

ನಿನ್ನ ಅರ್ಧವನ್ನು ಮಾತ್ರ ಊದಿ ಕಳಿಸು. ಇಪ್ಪತ್ತು ದಿನ ಇದೆ. ಚಿಕ್ಕಪ್ಪನಿಗೆ ನಾನು ಏನೂ ಹೇಳಿಲ್ಲ.

ದೆಲ್ಫಿನಾ


ಚಾಕಪಾತಾ
ಜೂನ್ 17

ಮಗಳೇ,

ಚಳಿಗಾಲದ ಹಿಮ ರಾತ್ರಿ ಚೆನ್ನಾಗಿ ಬೀಳುತ್ತಿದೆ. ಆಲೂಗಡ್ಡೆ ಹರಡಿದ್ದೇವೆ. ನಿನ್ನೆ ತುಳಿದು ನೀರು ತೆಗೆದೆವು, ಈ ಸಲ ಒಣಗಿದ ಮೇಲೆ ಚುನ್ಯೊ ಕಪ್ಪಗೆ ಗಟ್ಟಿಯಾಗಿ ಬರುತ್ತದೆ. ನಿನ್ನ ಕಾಗದ ಬಂದದ್ದು ಇದರ ನಡುವೆ. ಅದಕ್ಕೆ ತಡ.

ಹಗ್ಗ ಬಿಚ್ಚಿದೆ. ಆರು ವರ್ಷದ ಗಂಟು, ಹಲ್ಲಿನಿಂದ ಬಿಚ್ಚಬೇಕಾಯಿತು. ಬೇರೆ ಊದಿ ಕಳಿಸಿದ್ದೇನೆ. ಒಂದೇ ಸಾಲು. ಮೇಷ್ಟ್ರು ಒಳಗೇ ಇದ್ದರು.

ಟಿಕ್ ಟಿಕ್ ಕಿವಿಗೆ ಹಾಕಿಕೊಳ್ಳಲಿಲ್ಲ. ಅದು ಇದ್ದರೆ ನನ್ನ ಕೈಯಿಂದ ಆಗುವುದಿಲ್ಲ.

ಹನ್ನೊಂದು ಜನ ಇದ್ದದ್ದು ನಿಜ.

ಅಪ್ಪ


ಲಾ ಪಾಸ್
ಜೂನ್ 23

ಅಪ್ಪಾ,

ಬಂತು. ಮೊದಲು ಒಂಟಿಯಾಗಿಯೇ ಕೇಳಿದೆ, ಕೆಮ್ಮಿನಿಂದ ಹಿಡಿದು ಕೊನೆಯವರೆಗೆ.

ಆಮೇಲೆ ಉಳಿದವರ ನಡುವೆ ಇಟ್ಟೆ. ಯಾವುದೂ ಕೂಡಿಬರಲಿಲ್ಲ. ನಿನ್ನ ಪ್ರತಿ ಸ್ವರದ ನಂತರ ಜಾಗ ಬಿಟ್ಟಿದ್ದೀಯ, ಆದರೆ ಒಂದು ಜಾಗದಂತೆ ಇನ್ನೊಂದಿಲ್ಲ. ಚಿಕ್ಕಪ್ಪ ಟಿಕ್ ಟಿಕ್‌ಗೆ ಊದಿದ ಅರ್ಕಾ ಅದರಲ್ಲಿ ಕೂರಲೇ ಇಲ್ಲ. ನೀನು ಮುಗಿಸುವ ಮುಂಚೆ ಅವನು ಬಾಯಿ ಹಾಕಿದಂತೆ, ನೀನು ಕಾಯುವಾಗ ಅವನು ಎದ್ದುಹೋದಂತೆ. ಕಂಪ್ಯೂಟರು ನಿನ್ನ ಹಾಡಿನ ಮೇಲೆಲ್ಲ ತಪ್ಪು, ತಪ್ಪು ಅಂತ ಕೆಂಪು ಗುರುತು ಹಾಕಿತು. ನಾನು ತಲೆದಿಂಬಿಗೆ ಬಾಯಿಟ್ಟು ಕಿರುಚಿದೆ. ಪಕ್ಕದ ಕೋಣೆಯವಳು ಗೋಡೆ ಬಡಿದಳು.

ಬೇರೆ ದಾರಿ ಇರಲಿಲ್ಲ. ಕಂಪ್ಯೂಟರನ್ನು ಬೆನ್ನಿಗೆ ಹಾಕಿಕೊಂಡು ಚಿಕ್ಕಪ್ಪನ ಟೈರ್ ಅಂಗಡಿಗೇ ಹೋದೆ. ಗಿರಾಕಿ ಇದ್ದ, ಅವನನ್ನು ಕಾಯಿಸಿದ. ಹೆಡ್‌ಫೋನ್ ಹಾಕಿ ನಿನ್ನದೊಂದನ್ನೇ ಕೇಳಿಸಿದೆ. ಮೊದಲ ನಾಲ್ಕು ಸಾಲನ್ನು ಚಿಕ್ಕಪ್ಪ ಕೈಯಲ್ಲಿನ ಸ್ಪ್ಯಾನರ್ ಕೆಳಗಿಡದೆ ಕೇಳಿದ. ಆಮೇಲೆ ಗ್ರೀಸಿನ ಕೈಯಲ್ಲೇ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದ.

“ಇದನ್ನ ಯಾವಾಗ ಊದಿದ?”

“ಹೋದ ವಾರ.”

“ಟಿಕ್ ಟಿಕ್ ಇಲ್ಲ.”

“ಇಲ್ಲ.”

ಗಿರಾಕಿ ಹೊರಗಿನಿಂದ, “ಅಣ್ಣಾ, ನನ್ನ ಚಕ್ರ!” ಅಂತ ಕೂಗಿದ. ಚಿಕ್ಕಪ್ಪ, “ಚಕ್ರ ಎಲ್ಲೂ ಹೋಗಲ್ಲ, ಬಿಚ್ಚಿಟ್ಟಿದೀನಿ,” ಅಂದ. ಅಂಗಡಿಯಲ್ಲಿ ಆಡುತ್ತಿದ್ದ ತನ್ನ ಮಗಳನ್ನು ಮನೆಗೆ ಓಡಿಸಿ ಅರ್ಕಾ ತರಿಸಿದ. ಟೈರುಗಳ ನಡುವೆ ಕೂತು, ಕಿವಿಯಲ್ಲಿ ನಿನ್ನನ್ನು ಇಟ್ಟುಕೊಂಡು ಊದಿದ. ಒಂದೇ ಸಲ. ನಿಲ್ಲಿಸಲಿಲ್ಲ, ತಮಾಷೆ ಮಾಡಲಿಲ್ಲ. ಮುಗಿದ ಮೇಲೆ ಎದ್ದು ಹೋಗಿ ಚಕ್ರಕ್ಕೆ ಗಾಳಿ ಹಾಕಿದ, ಎಷ್ಟು ಹಾಕಿದ ಅಂದರೆ ಗಿರಾಕಿ ಸಾಕು ಸಾಕು ಅಂತ ಕೈ ಹಿಡಿದ.

ನಿಮ್ಮಿಬ್ಬರನ್ನೂ ಒಂದೇ ಗೆರೆಯಲ್ಲಿಟ್ಟೆ. ಯಾರನ್ನೂ ಏರಿಸಲಿಲ್ಲ, ಇಳಿಸಲಿಲ್ಲ. ಅದು ಹೊಂದಿಕೊಂಡೇ ಬಂದಿತ್ತು. ನನ್ನ ಕೆಲಸ ಅಲ್ಲಿ ಏನೂ ಇರಲಿಲ್ಲ.

ಈಗ ಎಂಬತ್ತು ಮಂದಿಯ ಸರದಿ. ಅವರಿಗೆ ಕಾಯಲು ಬರುವುದಿಲ್ಲ ಅಪ್ಪಾ. ನೀವು ತಡೆದಲ್ಲಿ ಅವರು ಮುಂದೆ ಹೋಗಿಬಿಡುತ್ತಾರೆ. ಒಬ್ಬೊಬ್ಬರನ್ನಾಗಿ ಕೈಯಲ್ಲಿ ಹಿಡಿದು ಹಿಂದಕ್ಕೆ ಎಳೆದು ನಿಲ್ಲಿಸುತ್ತಿದ್ದೇನೆ, ಆಮೇಲೆ ಸದ್ದು ನೋಡುತ್ತೇನೆ. ಒಂದು ಸಾಲಿಗೆ ಆರು ಗಂಟೆ. ಇನ್ನು ಐದು ದಿನ. ನನಗೆ ಬರುತ್ತಿರುವ ಕೋಪ ಯಾರ ಮೇಲೆ ಅಂತ ಗೊತ್ತಿಲ್ಲ. ಸ್ವಲ್ಪ ನಿನ್ನ ಮೇಲೂ ಇದೆ.

ದೆಲ್ಫಿನಾ


ಎಲ್ ಆಲ್ಟೊ
ಜುಲೈ 6

ಅಪ್ಪನಿಗೆ, ಅಮ್ಮನಿಗೆ,

ಮೇಲೆ ಬರೆದ ಊರಿನ ಹೆಸರು ನೋಡಿಯೇ ನಿಮಗೆ ಗೊತ್ತಾಗಿರಬೇಕು. ನಲವತ್ತೇಳು ಬಂತು.

ಹಾಡಿನಲ್ಲಿ ಹದಿನಾರು ಸಾಲು, ಒಂಬತ್ತಕ್ಕೆ ಮಾತ್ರ ಆರ್ಕೆಸ್ಟ್ರಾವನ್ನು ಹೊಂದಿಸಲು ಆಯಿತು. ಉಳಿದ ಏಳರಲ್ಲಿ ಸುಮ್ಮನೆ ತುಂಬಿಸಬಹುದಿತ್ತು, ತುಂಬಿಸಿದರೆ ನೀವಿಬ್ಬರೂ ಮುಚ್ಚಿಹೋಗುತ್ತಿದ್ದಿರಿ. ಹಾಗಾಗಿ ಅಲ್ಲಿ ಎಂಬತ್ತು ಮಂದಿಯನ್ನೂ ಸುಮ್ಮನಾಗಿಸಿದೆ. ಒಂಬತ್ತನೇ ಸಾಲು ಮುಗಿಯುತ್ತಿದ್ದಂತೆ ಎಲ್ಲರೂ ನಿಂತುಬಿಡುತ್ತಾರೆ, ನೀವಿಬ್ಬರೇ ಉಳಿಯುತ್ತೀರಿ.

ಮೇಡಂ ಪೂರ್ತಿ ಕೇಳಿದರು. ಕಣ್ಣು ಮುಚ್ಚಿದ್ದರು. ಹೆಡ್‌ಫೋನ್ ತೆಗೆದು, “ಇದು ತುಂಬ ಚೆನ್ನಾಗಿದೆ,” ಅಂದರು. “ಆದ್ರೆ ನಾನು ಕೇಳಿದ್ದು ಆರ್ಕೆಸ್ಟ್ರಾ. ಅರ್ಧಕ್ಕೆ ಮನೆಗೆ ಕಳಿಸಿದೀಯಲ್ಲ ಅವರನ್ನ. ಮಾಡದೆ ಇರೋ ಕೆಲಸಕ್ಕೆ ನಂಬರ್ ಹೇಗೆ ಹಾಕ್ಲಿ, ಹೇಳು?”

ಅವರು ಹೇಳಿದ್ದು ಸರಿ. ಎರಡನೇ ಸಲ ಒಪ್ಪಿಸಲು ಆಗಸ್ಟಿನಲ್ಲಿ ಅವಕಾಶ ಇದೆ. ಆದರೆ ಕೋಣೆಗೆ ಎರಡನೇ ಸಲ ಇಲ್ಲ. ಸೋಮವಾರ ಬೀಗದ ಕೈ ಒಪ್ಪಿಸಿದೆ. ನಾಲ್ಕು ಅಂಕ ಅಪ್ಪಾ. ಚಿಕ್ಕಪ್ಪನನ್ನು ತೆಗೆದಿದ್ದರೆ ಬರುತ್ತಿತ್ತು ಅಂತ ದಿನಕ್ಕೆ ಹತ್ತು ಸಲ ಅನ್ನಿಸುತ್ತದೆ, ಹತ್ತು ಸಲವೂ ನನ್ನ ಮೇಲೇ ಸಿಟ್ಟು ಬರುತ್ತದೆ.

ಊರಿಗೆ ಬಂದುಬಿಡೋಣ ಅಂತ ಕಂಬಳಿ ಸುತ್ತಿ ಮಿನಿಬಸ್ ನಿಲ್ದಾಣದಲ್ಲಿ ಕೂತಿದ್ದೆ. ತೆಯೋಫಿಲೊ ಅವರೇ ಚಿಕ್ಕಪ್ಪನಿಗೆ ಫೋನ್ ಮಾಡಿದರಂತೆ. ಚಿಕ್ಕಮ್ಮ ಬಂದವಳೇ ನನ್ನ ಗಂಟು ಎತ್ತಿಕೊಂಡು, “ಮೇಲಿನ ಮಹಡಿಗೆ ಕಿಟಕಿ ಕೂರಿಸಿದಾರೆ. ಸುಮ್ನೆ ನಡಿ. ಕಾರಣ ಎಲ್ಲ ಸೂಪು ಕುಡೀತಾ ಹೇಳ್ವಂತೆ,” ಅಂದಳು. ಕಿಟಕಿ ನಿಜವಾಗಿಯೂ ಹೊಸದು. ಯಾವಾಗ ಕೂರಿಸಿದರು ಅಂತ ನಾನು ಕೇಳಲಿಲ್ಲ.

ಆಗಸ್ಟ್‌ವರೆಗೆ ಇಲ್ಲೇ ಇರುತ್ತೇನೆ. ಉಳಿದ ಏಳು ಸಾಲು ಮುಗಿಸಬೇಕು. ಕೊನೆಗೆ ಒಪ್ಪಿಸಿದ್ದನ್ನು ಹೀಗೇ, ಅರೆಬರೆಯಾಗಿಯೇ ಕಳಿಸಿದ್ದೇನೆ. ಕೇಳು. ಚಿಕ್ಕಪ್ಪನಿಗೂ ಕೇಳಿಸಿದ್ದೇನೆ. ಅವನು ಏನಂದ ಅಂತ ಬರೆಯುವುದಿಲ್ಲ. ನಿಮ್ಮ ಮಾತುಗಳನ್ನು ಅತ್ತಿಂದಿತ್ತ ಹೊತ್ತು ನನಗೆ ಸಾಕಾಗಿದೆ.

ದೆಲ್ಫಿನಾ


ಚಾಕಪಾತಾ
ಜುಲೈ 12

ಕಾಸಿಮಿರೊ,

ಮೇಷ್ಟ್ರ ಕಂಪ್ಯೂಟರಿನಲ್ಲಿ ಕೇಳಿದೆ. ಆರಂಭ ಚೆನ್ನಾಗಿ ಹಿಡಿದಿದ್ದೀಯ. ಮೂರನೇ ಸಾಲಿನ ತಿರುವಿನಲ್ಲಿ ತಡ ಮಾಡಿದ್ದೀಯ. ಅಲ್ಲಿ ನೀನು ಮೊದಲಿನಿಂದಲೂ ತಡ ಮಾಡುವವನೇ, ಅಪ್ಪ ಎಷ್ಟು ಸಲ ತಲೆಗೆ ಮೊಟಕಿದರೂ ಸರಿಹೋಗಲಿಲ್ಲ. ಗೊತ್ತಿದ್ದುದರಿಂದ ಅಲ್ಲಿ ನಿನಗಾಗಿ ಜಾಗ ಹೆಚ್ಚು ಬಿಟ್ಟು ಊದಿದ್ದೆ. ಆ ಹನ್ನೊಂದು ಜನರಲ್ಲಿ ಯಾರೂ ಅಲ್ಲಿ ತಡ ಮಾಡುವುದಿಲ್ಲ.

ಹುಡುಗಿ ನಿನ್ನ ಮನೆಯಲ್ಲಿದ್ದಾಳೆ. ಅವಳಮ್ಮ ಎರಡು ದಿನದಿಂದ ನನಗೆ ಮಾತಿನ ಜೊತೆ ಊಟವನ್ನೂ ಅರ್ಧ ಕೊಡುತ್ತಿದ್ದಾಳೆ. ಗುರುವಾರದ ಮಿನಿಬಸ್ಸಿಗೆ ನಾವಿಬ್ಬರೂ ಬರುತ್ತೇವೆ. ಒಂದು ಮೂಟೆ ಚುನ್ಯೊ ಇದೆ, ನಾಲ್ಕು ಮಹಡಿ ಅಂತ ಅವಳು ಬರೆದಿದ್ದಳು, ನನ್ನ ಮೊಣಕಾಲು ಈಗ ಮೊದಲಿನಂತಿಲ್ಲ.

ಕೆಳಗೆ ಬಂದು ನಿಂತಿರು.

ಪ್ರಿಮಿತೀವೊ